ಕಲ್ಲಿಗೆ ಪಾಲಿಶ್, ಬ್ಯಾಳಿಗೆ ಪಾಲಿಶ್

ಕಲಬುರಗಿ ಸೀಮೆಯ ಎರಡು ಸರಕು ಹೊರನಾಡಿನಲ್ಲಿ ಹೆಸರು ಮಾಡಿವೆ. ಒಂದು ಕಾಲ ಕೆಳಗೆ ಹಾಸುವ ಶಹಾಬಾದ್ ಪರ್ಸಿ, ಇನ್ನೊಂದು ತಾಟಿಗೆ ಬೀಳುವ ತೊಗರಿಬೇಳೆ. ಪರ್ಸಿ ಮಾರುವವನು 'ಪಾಲಿಶ್ ಮಾಲು ಐತ್ರಿ' ಎಂದು ಎದೆ ಉಬ್ಬಿಸಿ ಹೇಳಿ ಚದರಡಿಗೆ ನಾಲ್ಕು ಕಾಸು ಹೆಚ್ಚು ಕೇಳುತ್ತಾನೆ. ಬೇಳೆ ಮಾರುವವನು 'ಪಾಲಿಶ್ ಇಲ್ಲದ್ದು ಐತ್ರಿ' ಎಂದು ಅಷ್ಟೇ ಎದೆ ಉಬ್ಬಿಸಿ ಹೇಳಿ ಕಿಲೋಕ್ಕೆ ನಾಲ್ಕು ಕಾಸು ಹೆಚ್ಚು ಕೇಳುತ್ತಾನೆ. ಗಿರಾಕಿ ಇಬ್ಬರಿಗೂ ತಲೆಯಾಡಿಸಿ ರೊಕ್ಕ ಕೊಟ್ಟು ಬರುತ್ತಾನೆ. ಒಂದು ಕಡೆ ಯೋಗ್ಯತೆಯಾದದ್ದು ಇನ್ನೊಂದು ಕಡೆ ಕಳಂಕ ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ.

ಹೀಗಾದದ್ದಕ್ಕೆ ಕಾರಣ ಬೇಳೆಗಿಂತ, ಕಲ್ಲಿಗಿಂತ ಹೆಚ್ಚಾಗಿ ಆ ಪದದಲ್ಲೇ ಇದೆ. ಮೇಲ್ಮೈಯನ್ನು ಹೊಳೆಯಿಸಲು ಮುಖ್ಯವಾಗಿ ಇರುವುದು ಎರಡು ದಾರಿ: ಇರುವುದನ್ನು ತಿಕ್ಕಿ ತೆಗೆಯುವುದು, ಇಲ್ಲದ್ದನ್ನು ತಂದು ಬಳಿಯುವುದು. ಒಂದಕ್ಕೊಂದು ತಿರುವುಮುರುವಾದ ಈ ಎರಡು ಕೆಲಸಗಳನ್ನು 'ಪಾಲಿಶ್' ಒಂದೇ ಚೀಲಕ್ಕೆ ತುಂಬಿಬಿಟ್ಟಿದೆ. ಅದು ಬರುವ ಮುಂಚೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮಾತಿನಲ್ಲಿ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಹೆಸರಿತ್ತು. ಹೆಸರು ಕೇಳಿದರೆ ಸಾಕು, ತೆಗೆದರೋ ಬಳಿದರೋ ಗೊತ್ತಾಗುತ್ತಿತ್ತು.

ಪಾಲಿಶ್ ಬಂದದ್ದು ಇಂಗ್ಲಿಷಿನಿಂದ, ಇಂಗ್ಲಿಷಿಗೆ ಅದು ಹೋದದ್ದು ಫ್ರೆಂಚಿನಿಂದ, ಫ್ರೆಂಚಿನ ಹಿಂದಿರುವುದು ಲ್ಯಾಟಿನ್ನಿನ 'ಪೋಲೀರೆ'. ನುಣುಪು ಮಾಡು, ಹೊಳಪು ಕೊಡು ಎಂಬುದು ಅದರ ಅರ್ಥ. ಸಭ್ಯಸ್ಥ ಎಂಬರ್ಥದ 'ಪೊಲೈಟ್' ಕೂಡ ಅದೇ ಬಳ್ಳಿಯ ಕಾಯಿ. ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ, 'ನಯ' ಎನ್ನುವಾಗ ನಾವೂ ಮುಟ್ಟಿದರೆ ಜಾರುವ ಹಲಗೆಯನ್ನೂ ನಡೆನುಡಿಯನ್ನೂ ಒಟ್ಟಿಗೇ ಹೇಳುತ್ತೇವೆ. ನಮ್ಮ ಊರುಗಳಿಗೆ ಈ ಪದ ಬಂದದ್ದು ಬೂಟಿನ ಡಬ್ಬಿಯ ಜತೆ, ಕಚೇರಿಯ ಕುರ್ಚಿ-ಮೇಜಿನ ಜತೆ. ಬೂಟಿಗೆ ಮೇಣ ಹಚ್ಚುತ್ತಾರೆ, ಕುರ್ಚಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಹಚ್ಚುತ್ತಾರೆ. ಅಂದರೆ ನಾವು ಮೊದಲು ಕಂಡ ಪಾಲಿಶ್ ಬಳಿಯುವ ಪಾಲಿಶ್. 'ಅವನು ಸಾಹೇಬರಿಗೆ ಪಾಲಿಶ್ ಹೊಡಿತಾನ' ಎಂಬ ಮಾತು ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು, ಏಕೆಂದರೆ ಸಾಹೇಬರಿಂದ ಏನನ್ನೂ ತಿಕ್ಕಿ ತೆಗೆದವರನ್ನು ನಾನಂತೂ ಕಂಡಿಲ್ಲ.

ಹಳೆಯ ಕನ್ನಡದಲ್ಲಿ ಈ ಜಾಗದಲ್ಲಿ ಒಂದು ಗಟ್ಟಿ ಪದ ಕೂತಿತ್ತು: ಒಪ್ಪ. ನಿಘಂಟುಗಳಲ್ಲಿ ಅದಕ್ಕೆ ಹೊಳಪು, ಮೆರುಗು, ಚೆಲುವು ಎಂಬ ಅರ್ಥಗಳಿವೆ. ಒಪ್ಪವಿಡು ಎಂದರೆ ಉಜ್ಜಿ ಮೆರುಗು ಬರಿಸು. ಇಂದು ಅದು 'ಒಪ್ಪ ಓರಣ' ಎಂಬ ಜೋಡಿಯಲ್ಲಿ ಮಾತ್ರ ಉಸಿರಾಡುತ್ತಿದೆ. ಆದರೆ ಅದರ ಮನೆತನ ದೊಡ್ಡದು. ಒಪ್ಪು, ಒಪ್ಪಿಗೆ, ಒಪ್ಪಂದ ಎಲ್ಲ ಅದರ ಅಣ್ಣತಮ್ಮಂದಿರು. ತಮಿಳಿನ 'ಒಪ್ಪಂ' ಎಂಬುದಕ್ಕೆ ಹೋಲಿಕೆ, ಸಮತಟ್ಟು, ಮೆರುಗು ಎಂಬ ಮೂರು ಅರ್ಥಗಳೂ ಉಂಟು. ಬರೊ ಮತ್ತು ಎಮೆನೊ 1961ರಲ್ಲಿ ಹೊರತಂದ ದ್ರಾವಿಡ ಪದಮೂಲ ಕೋಶ ಇವನ್ನೆಲ್ಲ ಒಂದೇ ಗುಂಪಿನಲ್ಲಿ ಇಟ್ಟಿದೆ. ರುಜು ಎಂಬರ್ಥವೂ ಒಪ್ಪಕ್ಕೆ ಇದೆ. ವಿಜಯನಗರದ ಅರಸರ ತಾಮ್ರಶಾಸನಗಳ ಕೊನೆಗೆ ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂದು ಇರುತ್ತದಲ್ಲ, ಅದು ರಾಯರ ಒಪ್ಪ.

ಒಪ್ಪಿಗೆಗೂ ಹೊಳಪಿಗೂ ಏನು ನಂಟು? ಒರಟು ಕಲ್ಲಿನ ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ದಿಬ್ಬ-ತಗ್ಗು, ಗೀರು-ಹೊಂಡ. ಬಿದ್ದ ಬೆಳಕು ಒಂದೊಂದು ದಿಬ್ಬಕ್ಕೆ ತಾಗಿ ಒಂದೊಂದು ದಿಕ್ಕಿಗೆ ಚೆದರುತ್ತದೆ, ಕಲ್ಲು ಮಂಕಾಗಿ ಕಾಣುತ್ತದೆ. ದಿಬ್ಬಗಳನ್ನು ಸವೆಸಿ ಸವೆಸಿ ಎಲ್ಲ ಒಂದೇ ಮಟ್ಟಕ್ಕೆ ಬಂದಾಗ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಮುಖ ಕಾಣುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಗೀರುಗಳು ಅದಕ್ಕಿಂತ ಸಣ್ಣದಾದರೆ ಬೆಳಕಿಗೆ ಅವು ಇದ್ದೂ ಇಲ್ಲದಂತೆ. ಪಾಲಿಶ್ ಎಂದರೆ ಗೀರು ಹೋಗುವುದಲ್ಲ, ಕಾಣದಷ್ಟು ಸಣ್ಣದಾಗುವುದು ಎಂದು ನ್ಯೂಟನ್ 1704ರ 'ಆಪ್ಟಿಕ್ಸ್' ಗ್ರಂಥದಲ್ಲಿ ಬರೆದಿದ್ದ. ಕಲ್ಲಿನ ಮೈಯ ಕಣಗಳೆಲ್ಲ ಒಂದು ಮಟ್ಟಕ್ಕೆ 'ಒಪ್ಪಿ' ನಿಲ್ಲುವುದೇ ಒಪ್ಪ. ಹೊಳಪು, ಮೆರುಗು, ಮಿರುಗು ಇವೆಲ್ಲ ಕಣ್ಣಿಗೆ ಕಂಡದ್ದನ್ನು ಹೇಳುತ್ತವೆ. ಒಪ್ಪ ಎಂಬುದು ಕಲ್ಲಿನಲ್ಲಿ ಆದದ್ದನ್ನು ಹೇಳುತ್ತದೆ. ಭೌತಶಾಸ್ತ್ರ ಓದದ ಯಾರೋ ಕಲ್ಕುಟಿಗ ಕೈಬೆರಳಿನಿಂದ ಕಂಡುಕೊಂಡದ್ದು ಇದು.

ಕಲ್ಲಿನ ಮಾತು ಬಂತಲ್ಲ, ಸ್ವಲ್ಪ ಕಲ್ಲಿನ ಬಳಿಗೇ ಹೋಗೋಣ. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಬಹುಪಾಲು ದಖ್ಖನ್ನಿನ ಕರಿಕಲ್ಲಿನ ಮೇಲೆ ಕೂತಿವೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಅದು. ಅದೇ ಪುಡಿಯಾಗಿ ತೊಗರಿ, ಜೋಳ ಬೆಳೆಯುವ ಎರೆಮಣ್ಣಾಗಿದೆ. ದಕ್ಷಿಣಕ್ಕೆ, ಪೂರ್ವಕ್ಕೆ ಬಂದಂತೆ ಜೇವರ್ಗಿ, ಶಹಾಬಾದ್, ಚಿತ್ತಾಪುರ ಕಡೆ ಈ ಕರಿ ಹೊದಿಕೆ ತೆಳುವಾಗಿ ಅಡಿಯಲ್ಲಿದ್ದ ಸುಣ್ಣಗಲ್ಲು ಮೇಲೆ ಬರುತ್ತದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶ್ರೇಣಿ ಎನ್ನುತ್ತಾರೆ. ಭೂಮಿಯ ಮೇಲೆ ಹುಲ್ಲೂ ಹುಟ್ಟದಿದ್ದ ಕಾಲದಲ್ಲಿ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಪದರವಾಗಿ ಕೂತದ್ದರಿಂದಲೇ ಪದರವಾಗಿ ಏಳುತ್ತದೆ. ಖಣಿಯಲ್ಲಿ ಹಾರೆ ಕೊಟ್ಟು ಎಬ್ಬಿಸಿದರೆ ಹಲಗೆಯಂತೆ ಬರುತ್ತದೆ. ತೆಲಂಗಾಣದ ತಾಂಡೂರು ಕಲ್ಲು ಇದೇ ಶ್ರೇಣಿಯ ತಮ್ಮ.

ಹಾಗಾಗಿ ಈ ಸೀಮೆಯ ಬಡವನ ಮನೆಯಲ್ಲೂ ಕಲ್ಲೇ ಕಲ್ಲು. ನೆಲಕ್ಕೆ ಪರ್ಸಿ, ಮಾಡಕ್ಕೆ ಪರ್ಸಿ, ಅಡಿಗೆ ಕಟ್ಟೆಗೆ ಪರ್ಸಿ, ಹೊಲದ ಬದುವಿಗೂ ನಿಲ್ಲಿಸಿದ ಪರ್ಸಿ. ಪದ ಅರಬ್ಬಿಯ 'ಫರ್ಶ್', ಹಾಸುವಂಥದ್ದು. ಪರ್ಷಿಯನ್ನರಿಗೆ ಅದು ಜಮಖಾನ, ಉರ್ದುವಿನಲ್ಲಿ ನೆಲ, ಮರಾಠಿಗೂ ನಮಗೂ ಬರುವ ಹೊತ್ತಿಗೆ ಕಲ್ಲಾಯಿತು. 1871ರಲ್ಲಿ ಸೊಲ್ಲಾಪುರದಿಂದ ರಾಯಚೂರಿನವರೆಗಿನ ರೈಲು ಹಳಿ ಮುಗಿದು ಮುಂಬಯಿ-ಮದರಾಸು ಕೂಡಿದ ಮೇಲೆ ಶಹಾಬಾದಿನ ಕಲ್ಲು ವ್ಯಾಗನ್ ಏರಿತು. ಪುಣೆ-ಮುಂಬಯಿಯ ಹಳೆಯ ವಾಡೆ, ಚಾಳುಗಳಲ್ಲಿ ಇಂದಿಗೂ 'ಶಹಾಬಾದಿ ಫರಶಿ' ಎಂದೇ ಕರೆಯುತ್ತಾರೆ. ಊರಿನ ಹೆಸರು ಮರಾಠಿ ಮನೆಯ ಅಡಿಗೆಕೋಣೆಯವರೆಗೆ ಹೋಗಿದೆ.

ಖಣಿಯಿಂದ ಎದ್ದ ಪರ್ಸಿ ಹಾಗೆಯೇ ಸಪಾಟು. ಮೊದಲು ಟಾಕಿ ಹೊಡೆದು ಅಂಚು ನೇರ ಮಾಡುತ್ತಿದ್ದರು, ಅಷ್ಟೇ; ಮೈಯನ್ನು ಮುಟ್ಟುತ್ತಿರಲಿಲ್ಲ. ಮನೆಮಂದಿಯ ಕಾಲು ಇಪ್ಪತ್ತು ವರ್ಷ ತಿರುಗಾಡಿ ಅದಕ್ಕೆ ಒಪ್ಪ ಕೊಡುತ್ತಿದ್ದವು. ಈಗ ವಜ್ರದ ಹರಳು ಕೂರಿಸಿದ ಚಕ್ರ ಅಂಚು ಕೊಯ್ಯುತ್ತದೆ, ಪಾಲಿಶ್ ಮಷೀನು ಮೈ ತಿಕ್ಕುತ್ತದೆ. ನೋಡಲು ಸಿಕ್ಕರೆ ನಿಂತು ನೋಡಬೇಕಾದ ಕೆಲಸ. ಕಲ್ಲಿನ ಮೇಲೆ ನೀರು ಬಿಡುತ್ತಲೇ ಇರುತ್ತಾರೆ. ತಲೆಕೆಳಗಾದ ತಟ್ಟೆಯಂಥ ಚಕ್ರದ ಅಡಿಯಲ್ಲಿ ಸವೆಕಲ್ಲಿನ ತುಂಡುಗಳು ಕೂತಿರುತ್ತವೆ. ಮೊದಲು ಉರುಟು ಕಣದ್ದು, 60ನೇ ನಂಬರು. ಆಮೇಲೆ 120, 220, 320, 400 ಹೀಗೆ ನಂಬರು ಏರಿದಷ್ಟೂ ಕಣ ಸಣ್ಣ. ಪ್ರತಿ ಸುತ್ತಿನ ಕೆಲಸ ಹಿಂದಿನ ಸುತ್ತು ಮಾಡಿದ ಗೀರನ್ನು ಅಳಿಸಿ ಅದಕ್ಕಿಂತ ಸಣ್ಣ ಗೀರು ಎಳೆಯುವುದು. ಅವಸರ ಮಾಡಿ ನಡುವೆ ಒಂದು ನಂಬರು ಹಾರಿಸಿದರೆ ದೊಡ್ಡ ಗೀರು ಹಾಗೇ ಉಳಿಯುತ್ತದೆ, ಕೊನೆಯ ಮೆರುಗಿನ ಅಡಿಯಲ್ಲಿ ವಕ್ರವಾಗಿ ಹೊಳೆದು ಗೌಂಡಿಯ ಮಾನ ತೆಗೆಯುತ್ತದೆ. ಬೂದುಬಣ್ಣದ ರಾಡಿ ಹರಿಯುತ್ತಾ ಇರುತ್ತದೆ. ಆ ರಾಡಿ ಎಂದರೆ ಕರಗಿಹೋದ ದಿಬ್ಬಗಳು. ಕಡೆಗೆ ಆಕ್ಸಾಲಿಕ್ ಆಸಿಡ್ಡಿನ ಪುಡಿ ಉದುರಿಸಿ ನಮ್ದಾ ಬಟ್ಟೆಯಿಂದ ತಿಕ್ಕಿ ತೊಳೆದರೆ ಬೂದು ಹೋಗಿ ಒಳಗಿನ ಹಸಿರು, ನೀಲಿ ಛಾಯೆ ಏಳುತ್ತದೆ.

ಸವೆಕಲ್ಲಿನ ಹೆಸರು ಕಾರ್ಬೊರಂಡಮ್. ಅಮೆರಿಕದ ಎಡ್ವರ್ಡ್ ಆಚೆಸನ್ 1890ರ ದಶಕದಲ್ಲಿ ವಿದ್ಯುತ್ ಕುಲುಮೆಯಲ್ಲಿ ಇದನ್ನು ತಯಾರಿಸಿ, ಇಂಗಾಲ ಮತ್ತು ಕೊರಂಡಮ್ ಕೂಡಿದ್ದೆಂದು ಭಾವಿಸಿ ಎರಡರ ಹೆಸರನ್ನೂ ಹೊಸೆದ. ನಿಜದಲ್ಲಿ ಅದು ಸಿಲಿಕಾನ್ ಮತ್ತು ಇಂಗಾಲ, ಆದರೆ ಹೆಸರು ಉಳಿಯಿತು. ಆ ಕೊರಂಡಮ್ ಯಾರದು? ನಮ್ಮದೇ. ತಮಿಳಿನ ಕುರುಂದಂ, ಕನ್ನಡದ ಕುರುಂದ, ಸಂಸ್ಕೃತದಲ್ಲಿ ಮಾಣಿಕ್ಯಕ್ಕೆ ಹೇಳುವ ಕುರುವಿಂದ. ದಕ್ಷಿಣದ ಸಾಣೆಯವರು ಕುರುಂದದ ಪುಡಿಯನ್ನು ಕರಗಿದ ಅರಗಿನಲ್ಲಿ ಕಲೆಸಿ ಚಕ್ರ ಎರೆದು, ಅದರ ಮೇಲೆ ಹರಳು, ಕತ್ತಿ ಎರಡನ್ನೂ ಹಿಡಿಯುತ್ತಿದ್ದರು. ಯುರೋಪಿನ ಖನಿಜಶಾಸ್ತ್ರಜ್ಞರು ಕಲ್ಲಿನ ಜತೆ ಹೆಸರನ್ನೂ ಒಯ್ದರು. ಈಗ ಆ ಹೆಸರು ಇಂಗ್ಲಿಷ್ ಅಂಗಿ ತೊಟ್ಟು, ಪೊಟ್ಟಣದ ಮೇಲೆ ಕೂತು, ಜೇವರ್ಗಿ ರಸ್ತೆಯ ಪಾಲಿಶ್ ಅಂಗಡಿಗೆ ವಾಪಸು ಬಂದಿದೆ. ಸಾಣೆ ಎಂಬುದು ಸಂಸ್ಕೃತದ ಶಾಣದ ತದ್ಭವ. ಕತ್ತಿಗೆ ಸಾಣೆ ಎನ್ನುವಾಗ ತೆಗೆಯುವ ಕೆಲಸವೇ ಎಂದು ಮಕ್ಕಳಿಗೂ ಗೊತ್ತು.

ಈ ಸುಣ್ಣಗಲ್ಲಿಗೆ ಒಪ್ಪ ಇಡುವುದು ಮಷೀನು ಕಾಲದ ಹೊಸ ಹುಕಿಯೂ ಅಲ್ಲ. ಜೇವರ್ಗಿಯಿಂದ ಭೀಮೆಯ ಗುಂಟ ಕೆಳಗಿಳಿದರೆ ಸನ್ನತಿ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಡು ಕುಸಿದು ಮೂರ್ತಿ ಮುರಿಯಿತು, ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಮೂರ್ತಿ ಕೂರಿಸಲು ಯಾರೋ ಶಾಸನದ ನಡುವೆಯೇ ತೂತು ಕೊರೆದಿದ್ದರು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆ ಅಗೆದಾಗ ಬೌದ್ಧ ಸ್ತೂಪವೊಂದು ಚೂರುಚೂರಾಗಿ ಸಿಕ್ಕಿತು. ರಾಣಿಯರ ನಡುವೆ ನಿಂತ ರಾಜನ ಕೆಳಗೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೊ' ಎಂಬ ಬರಹವೂ ಇತ್ತು. ಆ ಚಪ್ಪಡಿಗಳೆಲ್ಲ ಈ ಭೀಮಾ ಶ್ರೇಣಿಯ ಸುಣ್ಣಗಲ್ಲೇ. ಎರಡು ಸಾವಿರ ವರ್ಷದ ಹಿಂದೆ ಶಿಲ್ಪಿ ಮೊದಲು ಮೈ ಸಮಮಾಡಿ, ಆಮೇಲೆ ಚಿತ್ರ ಬಿಡಿಸಿ, ತಿರುಗಿ ನುಣುಪು ಮಾಡಿದ್ದಾನೆ. ಇದು ಮೆತ್ತನೆಯ ಕಲ್ಲು, ಗಡಸುತನದ ಹತ್ತರ ಅಳತೆಯಲ್ಲಿ ಮೂರು. ಉಳಿಗೂ ಒಲಿಯುತ್ತದೆ, ಒಪ್ಪಕ್ಕೂ ಒಲಿಯುತ್ತದೆ. ಕೆಡುವುದೂ ಅಷ್ಟೇ ಸಲೀಸು, ಅದನ್ನು ಕೊನೆಗೆ ಹೇಳುತ್ತೇನೆ.

ಇನ್ನು ಬಳಿಯುವ ಕಡೆಗೆ. ಅಫಜಲಪುರದ ಹಳ್ಳಿಯ ಮಣ್ಣಿನ ಮನೆಯಲ್ಲಿ ಶಗಣಿ ಹಾಕಿ ನೆಲ 'ಸಾರಿಸು'ತ್ತಾರೆ. ಸಾರಿಸುವುದೆಂದರೆ ಬಳಿಯುವುದು, ಯಾರಿಗೂ ಗೊಂದಲವಿಲ್ಲ. ಗೋಡೆಗೆ 'ಗಿಲಾವು', ಪರ್ಷಿಯನ್ನಿನಲ್ಲಿ ಮಣ್ಣು-ನೀರು ಎಂದು ಅರ್ಥ. ಸುಣ್ಣದ ನೆಲ 'ಗಚ್ಚು', ಅದೂ ಪರ್ಷಿಯನ್. 1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ರಾಜ್ಯ ಕಟ್ಟಿದಂದಿನಿಂದ 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯುವವರೆಗೆ ಕಟ್ಟಡದ ಮಾತೆಲ್ಲ ಆ ಕಡೆಯಿಂದ ಬಂತು, ಗೌಂಡಿಗಳ ಬಾಯಲ್ಲಿ ಇನ್ನೂ ಕರಗಿಲ್ಲ. ಗಚ್ಚಿನ ಮೈ ಹಸಿಯಿರುವಾಗ ನುಣ್ಣನೆಯ ಕಲ್ಲಿನಿಂದ ಒತ್ತಿ ಒತ್ತಿ ತಿಕ್ಕುವುದು 'ಘೋಟಾಯಿ'. ಇದು ತೆಗೆಯುವುದೂ ಅಲ್ಲ, ಬಳಿಯುವುದೂ ಅಲ್ಲ, ಇದ್ದದ್ದನ್ನೇ ಅದುಮಿ ಮಟ್ಟಮಾಡುವುದು. ಆ ಕಲ್ಲು ಹೊಳೆಯಲ್ಲಿ ಸಿಗುತ್ತದೆ. ದಖ್ಖನ್ನಿನ ಕರಿಕಲ್ಲಿನ ಪೊಳ್ಳುಗಳಲ್ಲಿ ಹುಟ್ಟುವ ಅಗೇಟ್, ಉರ್ದುವಿನವರ ಅಕೀಕು, ಇದಕ್ಕೆ ಹೇಳಿಮಾಡಿಸಿದ್ದು. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಗೆ ಸೇರಿ, ಭೀಮೆ ಮುಂದೆ ಜೇವರ್ಗಿಗೆ ಇಳಿಯುತ್ತಾಳೆ. ಮೂರು ತಾಲ್ಲೂಕಿನ ದಿಬ್ಬದ ಕಲ್ಲುಗಳನ್ನು ಉರುಳಿಸಿ ಗುಂಡಗೆ ಮಾಡುವ ಮೊದಲ ಸಾಣೆಯವಳು ಅವಳೇ.

ಹಿತ್ತಾಳೆ ಕೊಡವನ್ನು ನಾವು 'ಬೆಳಗು'ತ್ತೇವೆ. ಹುಣಸೆಯ ಹುಳಿ ಮೇಲಿನ ಕಿಲುಬನ್ನು ತಿನ್ನುತ್ತದೆ, ಬೂದಿ ಉಜ್ಜುತ್ತದೆ. ತೆಗೆಯುವ ಕೆಲಸ. ಅದೇ ಕೊಡದ ಒಳಮೈಗೆ 'ಕಲಾಯಿ'. ಅದು ಬಳಿಯುವ ಕೆಲಸ. ಕಲಾಯಿಯವರು ಓಣಿಯ ಮೂಲೆಯಲ್ಲಿ ಕುಣಿ ತೋಡಿ, ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚುತ್ತಿದ್ದರು. ಬುಸ್ಸೆಂದು ಬಿಳಿಹೊಗೆ ಎದ್ದು ಮಕ್ಕಳೆಲ್ಲ ಕೆಮ್ಮುತ್ತಿರುವಾಗಲೇ ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಕರಿಪಾತ್ರೆ ಬೆಳ್ಳಿಯಾಗುತ್ತಿತ್ತು. ಈ ಹೊಳಪು ಚಂದಕ್ಕಲ್ಲ, ಹುಳಿ ತಾಗಿ ತಾಮ್ರ ಸಾರಿಗೆ ಇಳಿಯದಿರಲಿ ಎಂದು. ಅರಬ್ಬಿಯಲ್ಲಿ 'ಕಲಈ' ಎಂದರೆ ತವರ. ಮಲಯ ಕಡೆಯ 'ಕಲಃ' ಎಂಬ ಬಂದರಿನಿಂದ ಬರುತ್ತಿದ್ದ ತವರಕ್ಕೆ ಬಂದರಿನ ಹೆಸರೇ ಬಿತ್ತೆಂದು ಬಹುಪಾಲು ವಿದ್ವಾಂಸರ ಎಣಿಕೆ. ಬಂದರು ಎಲ್ಲಿತ್ತೆಂದು ಅವರು ಇನ್ನೂ ಜಗಳಾಡುತ್ತಿದ್ದಾರೆ, ಆಳಂದದ ಓಣಿಯಲ್ಲಿ ಅದರ ಹೆಸರು ಮಾತ್ರ ಹಾಗೇ ಇದೆ.

ನೆರೆಯ ಬೀದರಿನ ಕೆಲಸ ಈ ಎರಡಕ್ಕೂ ಸವಾಲು. ಸತುವಿನ ಜತೆ ಸ್ವಲ್ಪ ತಾಮ್ರ ಬೆರೆಸಿ ಎರೆದ ಹೂಜಿಯಲ್ಲಿ ಬೆಳ್ಳಿ ತಂತಿ ಕೂರಿಸಿ, ಅರ ಹಾಕಿ, ತಿಕ್ಕಿ, ಎಲ್ಲ ಒಂದೇ ಹೊಳಪಿಗೆ ತರುತ್ತಾರೆ. ಆಗ ಬೆಳ್ಳಿ ಯಾವುದು, ಸತು ಯಾವುದು ತಿಳಿಯುವುದೇ ಇಲ್ಲ. ಆಮೇಲೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜತೆ ಕಲೆಸಿ ಬಿಸಿ ಪಾತ್ರೆಗೆ ತಿಕ್ಕಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮೇಲೆ ಒಂದಿಷ್ಟು ಎಣ್ಣೆ. ಒಪ್ಪ ಇಟ್ಟು, ಆ ಒಪ್ಪವನ್ನು ಅರ್ಧ ಕೊಂದು, ಉಳಿದರ್ಧವನ್ನು ಮೆರೆಸುವ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು.

ಕಲಬುರಗಿಯ ತೊಗರಿಬೇಳೆಗೆ ಅದೇ ಸೂಚಕ ಸಿಕ್ಕದ್ದು 2019ರಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲಗಳ ತೊಗರಿ ಅದರೊಳಗೆ ದೊಡ್ಡ ಪಾಲು. ಪಾಲಿಶ್ ಎಂಬ ಆ ಪದ ಬೇಳೆಯ ಮೇಲೆ ಹೇಗೆ ಕೂತಿತು ಎಂದು ನೋಡಬೇಕಾದರೆ ಮಿಲ್ಲಿನೊಳಗೆ ಹೋಗಬೇಕು. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ತೆಳು ಪದರವೊಂದಿದೆ. ಅದಕ್ಕೇ ಕಡಲೆಯಷ್ಟು ಸುಲಭವಾಗಿ ಇದು ಸಿಪ್ಪೆ ಬಿಡುವುದಿಲ್ಲ. ಮನೆಯಲ್ಲಿ ಬೇಳೆ ಮಾಡುತ್ತಿದ್ದ ಕಾಲದಲ್ಲಿ ತೊಗರಿ ನೆನೆಸಿ, ಕೆಮ್ಮಣ್ಣು ಕಟ್ಟಿ, ಬಿಸಿಲಿಗೆ ಹರವಿ, ಬೀಸುವ ಕಲ್ಲಿಗೆ ಹಾಕುತ್ತಿದ್ದರು. ಮಿಲ್ಲಿನಲ್ಲಿ ಅದರ ಬದಲು 'ಎಮರಿ' ಉರುಳೆ. ಕಾಳು ಅದರ ಒರಟು ಮೈಗೆ ಉಜ್ಜಿ ಗೀರು ಬೀಳುತ್ತದೆ, ಗೀರಿನೊಳಗೆ ಇಳಿಯಲೆಂದು ಸ್ವಲ್ಪ ಎಣ್ಣೆ ಸವರುತ್ತಾರೆ, ಒಣಗಿಸುತ್ತಾರೆ, ನೀರು ಚಿಮುಕಿಸುತ್ತಾರೆ, ಮತ್ತೆ ಉರುಳೆಗೆ ಬಿಡುತ್ತಾರೆ. ಸಿಪ್ಪೆ ಕಳಚಿ ಕಾಳು ಎರಡು ಹೋಳಾಗುತ್ತದೆ. ಎಮರಿ ಎಂದರೆ ಮತ್ತಾವುದೂ ಅಲ್ಲ, ಕುರುಂದವೇ, ಕಬ್ಬಿಣದ ಅದಿರು ಬೆರೆತದ್ದು. ಪರ್ಸಿಯ ದಿಬ್ಬ ತೆಗೆಯುವ ಸವೆಕಲ್ಲಿಗೆ ಹೆಸರು ಕೊಟ್ಟ ಕುರುಂದವೇ ಇಲ್ಲಿ ತೊಗರಿಯ ಸಿಪ್ಪೆ ತೆಗೆಯುತ್ತಿದೆ. ಇಲ್ಲಿಗೆ ತೆಗೆಯುವ ಕೆಲಸ ಮುಗಿಯಿತು, ಬೇಳೆ ತಯಾರಾಯಿತು. ಅದು ನೋಡಲು ಸ್ವಲ್ಪ ಮಂಕು, ಮೈಮೇಲೆ ಹಿಟ್ಟಿನ ದೂಳು, ಅಲ್ಲಲ್ಲಿ ಸಿಪ್ಪೆಯ ಚೂರು.

ಪಾಲಿಶ್ ಎನ್ನುವುದು ಇದರ ಮುಂದಿನದು, ಅದರಲ್ಲೂ ತರಾವರಿ. ತೊಗಲಿನ ಪಟ್ಟಿ ಅಥವಾ ನೈಲಾನ್ ಬ್ರಶ್ಶಿನ ನಡುವೆ ಬೇಳೆಯನ್ನು ಹಾಯಿಸಿ ದೂಳು ಕೊಡವಿದರೆ ಅದೂ ಪಾಲಿಶ್. ಅದರಿಂದ ಯಾರಿಗೂ ಕೇಡಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ 'ಬಫಿಂಗ್' ಎನ್ನುತ್ತಾರೆ. ಬಫ್ ಎಂದರೆ ಮೊದಲಿಗೆ ಕೋಣದ ತೊಗಲು, ಪದದ ಬೇರು ಬಫಲೊ. ಎರಡನೆಯದು ನೀರು ಅಥವಾ ಎಣ್ಣೆ ಸವರುವ ಪಾಲಿಶ್. ಎಣ್ಣೆ ಹಚ್ಚಿದ ಬೇಳೆ ಚಿನ್ನದಂತೆ ಮಿಂಚುತ್ತದೆ, ಹಳೆಯ ಮಾಲೂ ಹೊಸದಾಗಿ ಕಾಣುತ್ತದೆ. ಮೂರನೆಯದು ಬಳಪದ ಕಲ್ಲಿನ ಪುಡಿ ಹಾಕಿ ಹೊರಳಿಸುವುದು. ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು 1112ರ ಇಟಗಿಯ ಮಹಾದೇವ ಗುಡಿಯಂಥ ಕಡೆ ಯಾವ ಬಳಪದ ಕಲ್ಲಿನ ಕಂಬಗಳನ್ನು ತಿರುಗಣಿಗೆ ಹಾಕಿ ಕನ್ನಡಿ ಮಾಡಿದರೋ ಆ ಜಾತಿಯ ಕಲ್ಲು. ಕಂಬದಲ್ಲಿ ಅದು ಒಪ್ಪ, ಬೇಳೆಯ ಮೇಲೆ ಅದು ಮಸಲತ್ತು. ಕೊನೆಯದು ಬಣ್ಣ. ಮೆಟಾನಿಲ್ ಯೆಲ್ಲೋ ಎಂಬ ಹಳದಿ ಬಟ್ಟೆಗೋ ತೊಗಲಿಗೋ ಸರಿ, ಆಹಾರಕ್ಕೆ ಕಾನೂನಿನ ಅನುಮತಿ ಇಲ್ಲ. ಆದರೂ ಬೇಳೆಯ ಕಲಬೆರಕೆ ಎಂದಾಗ ಮೊದಲು ಬರುವ ಹೆಸರು ಅದರದೇ.

ದೂಳು ಕೊಡವುವುದರಿಂದ ಹಿಡಿದು ವಿಷ ಬಳಿಯುವವರೆಗೆ ಎಲ್ಲಕ್ಕೂ ಒಂದೇ ಹೆಸರು ಇದ್ದರೆ ಗಿರಾಕಿ ಏನು ಮಾಡಬೇಕು? ಅವನು ಒಟ್ಟಾರೆ ಹೆದರಿ 'ಪಾಲಿಶ್ ಬೇಡ' ಎನ್ನುತ್ತಾನೆ. ಆ ಹೆದರಿಕೆಯಲ್ಲಿ ಅಕ್ಕಿಯ ನೆನಪೂ ಬೆರೆತಿದೆ. ಅಕ್ಕಿಯ ಪಾಲಿಶ್ ಎಂದರೆ ತೌಡು ತೆಗೆಯುವುದು. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಸೋತು, ತೌಡು ಕೊಟ್ಟಾಗ ಎದ್ದು ನಿಂತದ್ದನ್ನು ಕಂಡ. ಬೆರಿಬೆರಿ ರೋಗದ ಗುಟ್ಟು ಅಲ್ಲಿಂದ ಬಿಚ್ಚಿಕೊಂಡಿತು, 1929ರಲ್ಲಿ ಅವನಿಗೆ ನೊಬೆಲ್ ಬಂತು. ಅಕ್ಕಿಯಲ್ಲಿ ಪಾಲಿಶ್ ಕಸಿಯುತ್ತದೆ, ಬೇಳೆಯಲ್ಲಿ ಪಾಲಿಶ್ ಸೇರಿಸುತ್ತದೆ, ದೂರು ಮಾತ್ರ ಒಂದೇ. 'ಪಾಲಿಶ್ ಇಲ್ಲದ ಬ್ಯಾಳಿ ಎಣ್ಣಿ ಮುಟ್ಟೇ ಇಲ್ರೀ' ಎಂದು ಆಣೆ ಹಾಕುವ ಅಂಗಡಿಯವರೂ ಇದ್ದಾರೆ. ಸಿಪ್ಪೆ ಬಿಡಿಸಲು ಹಾಕಿದ ಎಣ್ಣೆ ಯಾವ ಲೆಕ್ಕ? ಜೋಳದ ರೊಟ್ಟಿಯೊಂದೇ ಈ ಜಗಳದಿಂದ ಪಾರಾದದ್ದು. ಜೋಳಕ್ಕೆ ಪಾಲಿಶ್ ಮಾಡಿ ಮಾರುವ ಬುದ್ಧಿ ನಮ್ಮ ಕಡೆ ಇನ್ನೂ ಯಾರಿಗೂ ಬಂದಿಲ್ಲ.

ನನ್ನ ಮಟ್ಟಿನ ಅಭಿಪ್ರಾಯ: ಬೇಳೆಯ ಪೊಟ್ಟಣದ ಮೇಲೆ 'ಪಾಲಿಶ್ ರಹಿತ' ಎಂದು ಬರೆಯುವ ಬದಲು 'ಮೇಲೆ ಏನೂ ಬಳಿದಿಲ್ಲ' ಎಂದು ಬರೆಯಲಿ. ತೊಗರಿ ಅಭಿವೃದ್ಧಿ ಮಂಡಳಿ 'ಭೀಮಾ ಪಲ್ಸ್' ಹೆಸರಿನಲ್ಲಿ ರೈತರ ಬೇಳೆಯನ್ನು ಪೇಟೆಗೆ ತಂದಿರುವ ಹೊತ್ತಿನಲ್ಲಿ ಈ ಸ್ಪಷ್ಟತೆಯಿಂದ ಲಾಭವೇ. ಮನೆಯಲ್ಲಿ ನೋಡುವ ದಾರಿಯೂ ಸುಲಭ. ಹಿಡಿ ಬೇಳೆಯನ್ನು ಬಿಸಿನೀರಿಗೆ ಹಾಕಿ ಕದಡಿ. ಮೇಲೆ ಎಣ್ಣೆಯ ಕಣ್ಣು ತೇಲಿದರೆ ಎಣ್ಣೆ, ನೀರು ಕೂಡಲೇ ಗಾಢ ಹಳದಿಯಾದರೆ ಬಣ್ಣದ ಗುಮಾನಿ. ತುಸು ಮಬ್ಬಾದರೆ ಅದು ಬೇಳೆಯದೇ ಹಿಟ್ಟು, ಚಿಂತೆ ಬೇಡ.

ಕಲ್ಲು ಹೇಗೆ ಕೆಡುತ್ತದೆ ಎಂದು ಹೇಳುವುದು ಬಾಕಿ ಇತ್ತು. ಹಿತ್ತಾಳೆಯನ್ನು ಬೆಳಗುವ ಹುಣಸೆಹುಳಿಯೇ ಪರ್ಸಿಯ ಶತ್ರು. ಸುಣ್ಣಗಲ್ಲು ಹುಳಿಗೆ ಕರಗುತ್ತದೆ. ಪಾಲಿಶ್ ಪರ್ಸಿಯ ಅಡಿಗೆಕಟ್ಟೆಯ ಮೇಲೆ ಲಿಂಬೆಹೋಳು ಒಂದು ರಾತ್ರಿ ಬಿದ್ದರೆ ಬೆಳಿಗ್ಗೆ ದುಂಡನೆಯ ಬಿಳಿ ಕಲೆ. ಅದು ಮೇಲೆ ಹತ್ತಿದ ಕೊಳೆಯಲ್ಲ, ಒಪ್ಪ ಹೋದ ಜಾಗ. ಎಷ್ಟು ತೊಳೆದರೂ ಹೋಗದು, ಮತ್ತೆ ತಿಕ್ಕಿಸಿಯೇ ತೀರಬೇಕು. ಬಚ್ಚಲಿನ ಕರೆ ಹೋಗಲೆಂದು ಪೇಟೆಯ ಆಸಿಡ್ ಸುರಿದರೆ ನೊರೆ ಏಳುತ್ತದೆ, ನೋಡಿದವರು ಕೊಳೆ ಬಿಡುತ್ತಿದೆ ಎಂದು ಸಂತೋಷಪಡುತ್ತಾರೆ. ಬಿಡುತ್ತಿರುವುದು ಕಲ್ಲು. ಮೇಲೆ ವಾರ್ನಿಶ್ ಹೊಡೆದು ಹೊಳಪು ತರಿಸುವ ಅಡ್ಡದಾರಿಯೂ ಇದೆ, ನಾಲ್ಕು ತಿಂಗಳಲ್ಲಿ ಸುಲಿದು ಚಕ್ಕೆ ಏಳುತ್ತದೆ. ಕೊಳ್ಳುವಾಗ ಅಂಗಡಿಯಲ್ಲಿ ನೀರು ಚಿಮುಕಿಸಿ ಬೆರಳಿನಿಂದ ಉಜ್ಜಿ ನೋಡಬೇಕು. ಒರೆಸಿದ ಮೇಲೂ ಅಷ್ಟೇ ಹೊಳೆದರೆ ತಿಕ್ಕಿದ್ದು, ಉಗುರಿಗೆ ಪೊರೆ ಬಂದರೆ ಬಳಿದದ್ದು. ಬಚ್ಚಲಿಗೆ ಮಾತ್ರ ಎರಡೂ ಬೇಡ, ಖಣಿಯಿಂದ ಎದ್ದ ಒರಟು ಮೈಯೇ ಇರಲಿ ಎಂದು ಹಳೆಯ ಗೌಂಡಿಗಳು ಹಟ ಹಿಡಿಯುತ್ತಾರೆ. ಮನೆ ಕಟ್ಟಿಸುವ ಮಗ ಚಂದ ಕಾಣಲಿ ಎಂದು ಪಾಲಿಶ್ ಹಾಕಿಸುತ್ತಾನೆ, ನೀರು ಬಿದ್ದ ಪರ್ಸಿಯ ಮೇಲೆ ಜಾರುವವರು ಮನೆಯ ಹಿರಿಯರು.